ಡಿಸ್ಕ್ ಕಾಣದಿದ್ದರೆ ಮೊದಲು ಬಯಾಸ್ ನೋಡಿ
ವಿಂಡೋಸ್‌ನಂಥದ್ದೇ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್‌ನ ಬೀಟಾ (ಪರೀಕ್ಷಾ ಆವೃತ್ತಿ) ಬಗೆಗಿನ ಲೇಖನವೊಂದರಲ್ಲಿ, ಅದನ್ನು ಹಾಕಿಕೊಳ್ಳಲು ಅರ್ಧ ಗಂಟೆ ಸಾಕು ಎಂದಿದೆ. ನನಗೆ ಎರಡು ರಾತ್ರಿ ಹಿಡಿಯಿತು ಸ್ವಾಮಿ! ಪೆನ್‌ಡ್ರೈವ್‌ನಿಂದ ಬೂಟ್ ಆಯಿತು, ಇನ್‌ಸ್ಟಾಲರ್ ತೆರೆಯಿತು, ಆದರೆ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ (ಒಳಗಿನ ಡಿಸ್ಕ್) ಅದು ತೋರಿಸುವ ಡಿಸ್ಕ್‌ಗಳ ಪಟ್ಟಿಯಲ್ಲೇ ಇಲ್ಲ. ಬೀಟಾದ ಬಗ್ ಅಂತ ಬೈದುಕೊಂಡು ಐಎಸ್‌ಒ (ಇನ್‌ಸ್ಟಾಲರ್ ಇರುವ ಫೈಲ್) ಇನ್ನೊಮ್ಮೆ ಇಳಿಸಿಕೊಂಡೆ, ಫೈಲ್ ಕೆಟ್ಟಿದೆಯೇ ಎಂದು ತಿಳಿಸುವ ಚೆಕ್‌ಸಮ್ ತಾಳೆ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಕೊನೆಗೆ ನೋಡಿದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಮೂಲ ತಂತ್ರಾಂಶ) ಸ್ಟೋರೇಜ್ ಮೋಡ್, ಅಂದರೆ ಡಿಸ್ಕ್ ಜೊತೆ ವ್ಯವಹರಿಸುವ ವಿಧಾನ, ರೇಡ್ (RAID) ಎಂದಿದೆ! ಅದನ್ನು ಎಎಚ್‌ಸಿಐ (AHCI) ಎಂಬ ಇನ್ನೊಂದು ಮೋಡ್‌ಗೆ ಬದಲಿಸಿದ ಕೂಡಲೇ ಡಿಸ್ಕ್ ಪ್ರತ್ಯಕ್ಷ.

ಇದನ್ನು ಓದಿ ಯಾರೂ ಅವಸರಪಡಬೇಡಿ. ಅದೇ ಡಿಸ್ಕಿನಲ್ಲಿ ವಿಂಡೋಸ್ ಇದ್ದರೆ, ಏಕಾಏಕಿ ಬದಲಿಸಿದಾಗ ಅದು ನೀಲಿ ಪರದೆ ತೋರಿಸಿ ಕೂತುಬಿಡಬಹುದು. ಮೊದಲು ವಿಂಡೋಸ್ ಸೇಫ್ ಮೋಡ್‌ನಲ್ಲಿ (ಅತ್ಯಗತ್ಯ ಡ್ರೈವರ್‌ಗಳಷ್ಟೇ ಇರುವ ಸ್ಥಿತಿ) ತೆರೆಯುವಂತೆ ಹೊಂದಿಸಿ, ರೀಸ್ಟಾರ್ಟ್ ಆಗುವಾಗ ಬಯಾಸ್ ಬದಲಿಸಿ, ಒಮ್ಮೆ ಸೇಫ್ ಮೋಡ್‌ಗೆ ಹೋಗಿ ಬಂದ ಮೇಲೆ ಮಾಮೂಲಿಗೆ ತನ್ನಿ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಇದ್ದರೆ ಅದನ್ನು ತೆರೆಯುವ ರಿಕವರಿ ಕೀ ಮೊದಲೇ ಬೇರೆ ಕಡೆ ಬರೆದಿಟ್ಟುಕೊಳ್ಳಿ. 48 ಅಂಕಿ ಇರುತ್ತದೆ, ಬಾಯಿಪಾಠ ಆಗುವಂಥದ್ದಲ್ಲ.

ಬೂಟ್ ಆಗುವಾಗ ಪರದೆ ಕಪ್ಪಾಗುತ್ತದೆ, ಏನು ಮಾಡಲಿ ಎಂದು ಆ ಲೇಖನದ ಪ್ರತಿಕ್ರಿಯೆಗಳಲ್ಲಿ ಒಬ್ಬರು ಕೇಳಿದ್ದಾರೆ. ಲಿನಕ್ಸ್ ತೆರೆಯುವ ಮುನ್ನ ಬರುವ ಗ್ರಬ್ ಮೆನುವಿನಲ್ಲಿ ಇ (e) ಕೀ ಒತ್ತಿ, ಲಿನಕ್ಸ್ (linux) ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ (nomodeset) ಸೇರಿಸಿ ಎಫ್10 ಒತ್ತಿ ನೋಡಿ. ಇದು ಆ ಒಂದು ಬೂಟ್‌ಗೆ ಮಾತ್ರ. ಒಳಗೆ ಹೋದ ಮೇಲೆ ಸರಿಯಾದ ಗ್ರಾಫಿಕ್ಸ್ ಡ್ರೈವರ್ ಹಾಕಿಕೊಳ್ಳಬೇಕು. ವೈಫೈ ಏಳದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ತಕ್ಷಣಕ್ಕೆ ನೆಟ್ ಸಿಗುತ್ತದೆ.

ನನ್ನ ಲ್ಯಾಪ್‌ಟಾಪಿನ ಬೆರಳಚ್ಚು ಸೆನ್ಸರ್ ಮಾತ್ರ ಇನ್ನೂ ಮಲಗಿದೆ. ಯಾರಾದರೂ ಎಬ್ಬಿಸಿದ್ದೀರಾ?