ಕೂಲರಿನೊಳಗಿನ ಬಾಣಂತಿ

ಹೋಳಿ ಹುಣ್ಣಿಮೆ ಹತ್ತಿರ ಬಂದರೆ ಕಲಬುರಗಿಯ ಕಿರಾಣಿ ಅಂಗಡಿಗಳ ಮುಂದೆ ಸಕ್ಕರೆ ಸರ ತೂಗಾಡತೊಡಗುತ್ತವೆ. ಬಿಳಿ, ಗುಲಾಬಿ, ಹಳದಿ ಬಣ್ಣದ ಸಕ್ಕರೆ ಬಿಲ್ಲೆಗಳನ್ನು ದಾರಕ್ಕೆ ಹಿಡಿಸಿದ ಹಾರಗಳು. ಮಕ್ಕಳಿದ್ದ ಮನೆಗೆ ಹೋಗುವವರು ಅದನ್ನು ತಂದು ಮಕ್ಕಳ ಕೊರಳಿಗೆ ಹಾಕುತ್ತಾರೆ. ನನ್ನ ತಮ್ಮನೂ ತಪ್ಪದೆ ಬರುತ್ತಾನೆ. ಸೊಸೆಯರಿಬ್ಬರ, ಅಂದರೆ ನನ್ನ ಹೆಣ್ಣುಮಕ್ಕಳ, ಕೊರಳಿಗೆ ಸರ ಹಾಕುತ್ತಾನೆ, ಹೋಳಿಗೆ ತಿನ್ನುತ್ತಾನೆ, ಫೋಟೊ ತೆಗೆಯುತ್ತಾನೆ, ಹೊರಟುಬಿಡುತ್ತಾನೆ. ಆಮೇಲೆ ಆ ಸರದ ಜೊತೆ ಸಂಸಾರ ಮಾಡುವವಳು ನಾನು.

ದೊಡ್ಡವಳು ನಾಲ್ಕನೇ ಕ್ಲಾಸು, ಸಣ್ಣವಳು ಯುಕೆಜಿ. ಸಣ್ಣವಳ ಲೆಕ್ಕದಲ್ಲಿ ಸರ ಅಂದರೆ ಆಭರಣ, ಆಭರಣ ಅಂದರೆ ತೆಗೆಯಬಾರದ್ದು. ಹಾಕಿಕೊಂಡೇ ಉಂಡಳು, ಹಾಕಿಕೊಂಡೇ ಮಲಗಿದಳು. ನಡುನಡುವೆ ಗದ್ದ ಬಗ್ಗಿಸಿ ಒಂದೊಂದು ಬಿಲ್ಲೆ ನೆಕ್ಕಿದಳು. ರಾತ್ರಿ ಎದ್ದು ನೋಡಿದರೆ ಇರುವೆ ಸಾಲು ಗೋಡೆ ಇಳಿದು, ಮಂಚದ ಕಾಲು ಹತ್ತಿ, ಅವಳ ಕೊರಳಿನವರೆಗೂ ಬಂದಿತ್ತು. ನಾನು ಲೈಟು ಹಾಕಿ, ಕೂಗಾಡಿ, ಎಬ್ಬಿಸಿ ಕೂರಿಸಿದರೆ ಕಣ್ಣು ಕೂಡ ಬಿಡಲಿಲ್ಲ. “ಇರ್ಲಿ ಬಿಡು ಮಮ್ಮಿ. ಇರಿವಿಗೂ ಹೋಳಿ ಇರ್ತದಲ್ಲ” ಅಂದಳು.

ದೊಡ್ಡವಳ ದಾರಿ ಬೇರೆ. ಅವಳು ಸರ ಬಿಚ್ಚಿ, ಬಿಲ್ಲೆ ಎಣಿಸಿ, ಕಂಪಾಸ್ ಪೆಟ್ಟಿಗೆಯಲ್ಲಿ ಬಚ್ಚಿಟ್ಟಳು. ತಂಗಿಯದು ಮುಗಿದ ಮೇಲೆ ತೋರಿಸಿ ತೋರಿಸಿ ತಿನ್ನಬೇಕು ಅನ್ನುವುದು ಯೋಜನೆ. ಆದರೆ ಹೋಳಿ ಮತ್ತು ವಾರ್ಷಿಕ ಪರೀಕ್ಷೆ ಒಂದೇ ಹೊತ್ತಿಗೆ ಬರುತ್ತವೆ ಅಲ್ವಾ? ಗಣಿತ ಪರೀಕ್ಷೆಯ ದಿನ ಪೆಟ್ಟಿಗೆ ತೆರೆದಾಗ ಸ್ಕೇಲು, ರಬ್ಬರು, ಇರುವೆ, ಎಲ್ಲವೂ ಹೊರಬಂದವಂತೆ. ಪಕ್ಕದ ಹುಡುಗಿ ಬೆಂಚಿನ ಮೇಲೆ ಹತ್ತಿ ನಿಂತಳಂತೆ. ಏನಿದು ಅಂತ ಮಿಸ್ ಕೇಳಿದ್ದಕ್ಕೆ ನಮ್ಮವಳು, “ಮಾಮಾ ಕೊಟ್ಟಿದ್ದು ಮಿಸ್” ಅಂದಳಂತೆ. ಆ ಉತ್ತರದಲ್ಲಿ ನನಗೆ ಯಾವ ತಕರಾರೂ ಇಲ್ಲ.

ಬಣ್ಣದ ವಿಷಯ ಬಿಡಿ. ಕಿವಿ ಹಿಂದಿನ ನೇರಳೆ ಯುಗಾದಿಯ ಎಣ್ಣೆ ಸ್ನಾನದವರೆಗೂ ಹೋಗಲಿಲ್ಲ.

ಹುಣ್ಣಿಮೆಯಾದ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು. ಇಡೀ ಊರು ಅಲ್ಲೇ ಇರುತ್ತದೆ, ಸುತ್ತಲಿನ ಹಳ್ಳಿಗಳೂ ಅಲ್ಲೇ ಇರುತ್ತವೆ. ಸಣ್ಣವಳು ಅಪ್ಪನ ಹೆಗಲೇರಿದಳು. ತೇರು ಹತ್ತಿರ ಬಂದಾಗ ಎಸೆಯಲಿ ಅಂತ ಕೈಗೆ ಉತ್ತತ್ತಿ ಕೊಟ್ಟಿದ್ದೆವು. ತೇರು ಬರುವುದು ತಡವಾಯಿತು. ಕೊನೆಗೆ ಉತ್ತತ್ತಿ ಬಾಯಿಗೆ, ಬೀಜ ತೇರಿಗೆ. ಅದೂ ತೇರಿನವರೆಗೆ ಮುಟ್ಟದೆ ಮುಂದಿದ್ದ ಯಾರದೋ ರುಮಾಲಿನ ಮೇಲೆ ಬಿತ್ತು. ಆ ಮುತ್ಯಾ ತಿರುಗಿ ನೋಡಿದ, ಮಗುವನ್ನು ನೋಡಿ ನಕ್ಕ, ಬೀಜ ತೆಗೆದು ಕಿಸೆಗೆ ಹಾಕಿಕೊಂಡ. ಜಗಳ ಆಗಬಾರದು ಅಂತ ಇಬ್ಬರಿಗೂ ಒಂದೊಂದು ಪೀಪಿ ಕೊಡಿಸಿದ ನಮ್ಮನೆಯವರ ಬುದ್ಧಿಯ ಬಗ್ಗೆ ಆಟೋದವನಿಗೆ ಏನನ್ನಿಸಿತೋ ಗೊತ್ತಿಲ್ಲ. ಮನೆ ಮುಟ್ಟುವವರೆಗೆ ಅವನು ಹಾರ್ನ್ ಹೊಡೆಯಲೇ ಇಲ್ಲ. ಅಗತ್ಯವೂ ಬೀಳಲಿಲ್ಲ.

ಇನ್ನು ಕೂಲರ್ ಕಥೆ.

ದೊಡ್ಡವಳ ಶಾಲೆ ಪುಸ್ತಕದಲ್ಲಿ ವಸಂತ ಋತು ಎರಡು ತಿಂಗಳು, ಚೈತ್ರ ಮತ್ತು ವೈಶಾಖ. ನಮ್ಮ ಊರಿನಲ್ಲಿ ಅದು ಬೆಳಿಗ್ಗೆ ಆರರಿಂದ ಎಂಟರವರೆಗೆ. ಬೇವಿನ ಮರ ಹೂ ಬಿಟ್ಟಿರುತ್ತದೆ, ಕೋಗಿಲೆ ಕೂಗುತ್ತದೆ, ತಣ್ಣಗೆ ಗಾಳಿ ಬರುತ್ತದೆ. ಎಂಟು ಹೊಡೆದರೆ ಮುಗಿಯಿತು. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದಕ್ಕೇ ಸರ್ಕಾರ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳ ಹೊತ್ತನ್ನೇ ಬದಲಿಸಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಮಾಡುತ್ತದೆ. ಹಾಗಾಗಿ ಇಲ್ಲಿ ಮಾರ್ಚ್ ತಿಂಗಳಲ್ಲಿ ಎಲ್ಲರೂ ಮಾಡುವ ಮೊದಲ ಕೆಲಸ ಕೂಲರ್ ತೊಳೆಯುವುದು. ಹಳೆ ಹುಲ್ಲು ಕಿತ್ತು, ಹೊಸ ಹುಲ್ಲು ಹಾಕಿ, ಮೋಟರಿಗೆ ನೀರು ಬರುತ್ತದೋ ಇಲ್ಲವೋ ನೋಡುವುದು.

ನಮ್ಮದು ತಗಡಿನ ದೊಡ್ಡ ಕೂಲರ್. ವರ್ಷವಿಡೀ ಬಾಲ್ಕನಿಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿರುತ್ತದೆ. ಜಾತ್ರೆ ಮುಗಿದ ಮೇಲೆ ಮೆಕ್ಯಾನಿಕ್ ಬಂದ. ಒಂದು ಬದಿಯ ಬಾಗಿಲು ತೆಗೆದ. ಒಳಗೆ ಇಣುಕಿದ. ಮತ್ತೆ ಮೆಲ್ಲಗೆ ಮುಚ್ಚಿದ.

“ಮೇಡಂ, ಅಂಡಾ ಅದಾವ್ರಿ ಒಳಗ. ಎರಡು.”

ಹರಿದ ಹುಲ್ಲಿನ ಸಂದಿಯಿಂದ ಪಾರಿವಾಳ ಒಳಗೆ ನುಗ್ಗಿ ಮೋಟರಿನ ಪಕ್ಕ ಗೂಡು ಕಟ್ಟಿತ್ತು. ಗೂಡು ಅನ್ನುವುದು ದೊಡ್ಡ ಮಾತಾಯಿತು. ಐದಾರು ಕಡ್ಡಿ, ಒಂದು ತುಂಡು ವೈರು, ಮತ್ತು ಹೋದ ವರ್ಷದಿಂದ ನಾನು ಹುಡುಕುತ್ತಿದ್ದ ಸಣ್ಣವಳ ರಿಬ್ಬನ್. ಅದರ ಮೇಲೆ ಎರಡು ಬಿಳಿ ಮೊಟ್ಟೆ.

“ತೆಗೆದು ಆ ಕಡೆ ಇಡ್ತೀರೇನು?” ಅಂತ ನಮ್ಮನೆಯವರು ಕೇಳಿದ್ದೇ ತಡ, ಇಬ್ಬರು ಹೆಣ್ಣುಮಕ್ಕಳೂ ಕೂಲರಿಗೆ ಬೆನ್ನು ಹಚ್ಚಿ ನಿಂತರು. ಮೆಕ್ಯಾನಿಕ್ ಕೂಡ ಅವರ ಪಕ್ಷ. “ನಕ್ಕೋ ಸಾಬ್, ಪಾಪ ಲಗ್ತಾ” ಅಂದ. ಪುಣ್ಯವಂತ. ಬಂದುಹೋದ ಚಾರ್ಜು ಮಾತ್ರ ತೆಗೆದುಕೊಂಡ.

ಅವತ್ತಿನಿಂದ ಮನೆಯಲ್ಲಿ ಕಾನೂನು ಜಾರಿಗೆ ಬಂತು. ಬಾಲ್ಕನಿಯ ಬಾಗಿಲು ಸಪ್ಪಳ ಮಾಡಬಾರದು. ಬಟ್ಟೆ ಒಣಹಾಕುವಾಗ ಝಾಡಿಸಬಾರದು. ಮಿಕ್ಸಿ ಹಾಕುವ ಮೊದಲು ದೊಡ್ಡವಳ ಅನುಮತಿ ಬೇಕು. ನಾವು ನಾಲ್ವರು ಒಂದು ಟೇಬಲ್ ಫ್ಯಾನಿನ ಮುಂದೆ ಒದ್ದೆ ಟವೆಲ್ ತೂಗುಹಾಕಿಕೊಂಡು ಕೂತೆವು. ಕೂಲರಿನ ಗಾಳಿಗೆ ಕೂರಬೇಕಾದವರು ಕೂಲರಿಗೇ ಕಾವಲು ಕೂತೆವು.

ಯುಗಾದಿಗೆ ಅತ್ತೆ ಸೇಡಂ ಕಡೆಯ ನಮ್ಮ ಊರಿನಿಂದ ಬಂದರು. ಬಂದವರೇ ಕೂಲರಿನೊಳಗೆ ನೋಡಿ, ತೀರ್ಪು ಕೊಟ್ಟರು: “ಬಾಣಂತಿ ಅದಾಳ. ಯಾರೂ ಕಾಡಬ್ಯಾಡ್ರಿ.”

ನಮ್ಮ ಕಡೆ ಯುಗಾದಿಗೆ ಬೇವು ತಿನ್ನುವುದಲ್ಲ, ಕುಡಿಯುವುದು. ಹೊಸ ಗಡಿಗೆಯಲ್ಲಿ ಹುಣಸೆ ನೀರು, ಬೆಲ್ಲ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಕೊಬ್ಬರಿ, ಮೇಲೆ ಬೇವಿನ ಹೂವು. ನನಗಂತೂ ಎರಡು ಗ್ಲಾಸ್ ಬೇಕು. ಮಕ್ಕಳು ಹೂವನ್ನೆಲ್ಲ ಬೆರಳಿನಿಂದ ಆರಿಸಿ ಗ್ಲಾಸಿನ ಅಂಚಿಗೆ ಹಚ್ಚಿದರು. ಆರಿಸಿದ ಹೂವು ಸಂಜೆ ಕೂಲರಿನ ಮುಂದೆ ಒಂದು ಬಟ್ಟಲಲ್ಲಿ ಸಿಕ್ಕಿತು. ಬಾಣಂತಿಗೆ ಬೇವು ಛಲೋ ಅಂತೆ.

ಹಬ್ಬ ಮುಗಿದರೂ ಅತ್ತೆ ಉಳಿದರು. ಕುರಡಗಿ, ಅಂದರೆ ಒತ್ತಿ ಒಣಗಿಸುವ ಸಂಡಿಗೆ, ಹಾಕುವ ಕಾಲ ಅದು. ಮಾಳಿಗೆಯ ಮೇಲೆ ಹಳೆ ಸೀರೆ ಹಾಸಿ, ಮುಂಜಾನೆಯೇ ಸಾಲು ಸಾಲಾಗಿ ಒತ್ತಿ ಬಂದೆವು. ಕಾಯುವ ಕೆಲಸ ಮಕ್ಕಳಿಗೆ. ಹಕ್ಕಿ ಬಂದರೆ ಓಡಿಸಬೇಕು. ಅರ್ಧ ಒಣಗಿದ ಕುರಡಗಿಯ ರುಚಿ ಬಲ್ಲವರೇ ಬಲ್ಲರು, ಮಕ್ಕಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಮಧ್ಯಾಹ್ನ ಹತ್ತಿ ನೋಡಿದರೆ ಸೀರೆಯ ಒಂದು ಅಂಚು ಪೂರ್ತಿ ಖಾಲಿ. “ಹಕ್ಕಿ ತಿಂದ್ವು” ಅಂದಳು ದೊಡ್ಡವಳು. ಸಣ್ಣವಳ ಬಾಯಿ ತುಂಬ ಹಿಟ್ಟು, ಅವಳು ಏನೂ ಅನ್ನಲಿಲ್ಲ.

ಆದರೆ ಕಾವಲಿನ ನಡುವೆ ಬೇರೆ ಮಾತೂ ನಡೆದಿತ್ತು. ಬಾಣಂತಿಗೆ ಏನೇನು ಮಾಡುತ್ತಾರೆ ಅಂತ ದೊಡ್ಡವಳು ಆಯಿಯನ್ನು, ಅಂದರೆ ಅಜ್ಜಿಯನ್ನು, ಕೇಳಿದ್ದಳು. ಆಯಿಗೆ ಇದಕ್ಕಿಂತ ಇಷ್ಟದ ವಿಷಯ ಇಲ್ಲ. ಅಂಟಿನ ಉಂಡಿ, ಸಜ್ಜಕ, ಕೊಬ್ಬರಿ ಖಾರ, ಬಿಸಿನೀರು, ಆಮೇಲೆ ಮಂಚದ ಕೆಳಗೆ ಕೆಂಡದ ಶೆಗಡಿ ಇಟ್ಟು ಲೋಬಾನದ ಹೊಗೆ. ಹೊಗೆ ಯಾಕೆ? ಕೂಸಿಗೂ ತಾಯಿಗೂ ಬೆಚ್ಚಗೆ ಇರಲಿ ಅಂತ.

ಮರುದಿನ ಮಧ್ಯಾಹ್ನ ಒಂದು ಗಂಟೆಯ ಹೊತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಾಲ್ಕನಿಯಿಂದ ಘಮ ಬಂತು. ದೇವರ ಮನೆಯ ಊದಿನಕಡ್ಡಿ ಕಟ್ಟು ಅರ್ಧಕ್ಕರ್ಧ ಹೊತ್ತಿಸಿಕೊಂಡು ಇಬ್ಬರೂ ಕೂಲರಿನ ಮುಂದೆ ಕೂತಿದ್ದರು. ದೊಡ್ಡವಳು ಹೊಗೆ ಹಿಡಿದಿದ್ದಳು, ಸಣ್ಣವಳು ನೋಟ್‌ಬುಕ್ಕಿನಿಂದ ಬೀಸುತ್ತಿದ್ದಳು. ಹೊರಗೆ ಆಗಲೇ ಕುದಿಯುವ ಬಿಸಿಲು, ಬೆಚ್ಚಗೆ ಇರಲಿ ಅಂತ ಇವರ ಆರೈಕೆ ಬೇರೆ! ನಾನು “ಏ!” ಅನ್ನುವಷ್ಟರಲ್ಲಿ ಬಾಣಂತಿ ಕೂಲರಿನಿಂದ ಹಾರಿ, ನನ್ನ ತಲೆಯ ಮೇಲಿಂದ, ಸೀದಾ ಮನೆಯೊಳಗೆ.

ಒಳಗೆ ಫ್ಯಾನ್ ತಿರುಗುತ್ತಿತ್ತು.

“ಫ್ಯಾನ್ ಬಂದ್ ಮಾಡ್ರಿ!” ಅಂತ ಎಲ್ಲರೂ ಕೂಗಿದೆವು, ಎಲ್ಲರೂ ಬೋರ್ಡಿನ ಕಡೆ ಓಡಿದೆವು. ಎಂಟು ಬಟನ್ ಇರುವ ಬೋರ್ಡಿನಲ್ಲಿ ಫ್ಯಾನಿನದು ಯಾವುದು ಅಂತ ಆ ಹೊತ್ತಿಗೆ ಯಾರಿಗೆ ನೆನಪಾಗಬೇಕು? ಟ್ಯೂಬ್‌ಲೈಟ್ ಹತ್ತಿತು. ಟಿವಿ ಆರಿತು. ಕೊನೆಗೆ ಅತ್ತೆ ಎಲ್ಲದರ ಮೇಲೂ ಅಂಗೈ ಎಳೆದು ಇಡೀ ಮನೆ ನಿಲ್ಲಿಸಿಬಿಟ್ಟರು. ಪಾರಿವಾಳ ಅಲ್ಮಾರಿಯ ಮೇಲಿನ ಸೂಟ್‌ಕೇಸಿನ ಮೇಲೆ ಕೂತು ನಮ್ಮನ್ನು ನೋಡತೊಡಗಿತು. ನಾವೂ ಬೆವರುತ್ತಾ ಅದನ್ನೇ ನೋಡಿದೆವು.

“ಊದಿನಕಡ್ಡಿ ಹಚ್ಚಿದವರು ಯಾರು?” ಅಂತ ನಾನು ಕೇಳಿದೆ.

“ನಾನೇ ಹಚ್ಚಿ ಕೊಟ್ಟೆ. ದೇವ್ರಿಗಿ ಅಂದ್ವು ಹುಡುಗ್ಯಾರು” ಅಂದರು ಅತ್ತೆ.

ಅಷ್ಟರಲ್ಲಿ ಕಚೇರಿ ಬಿಟ್ಟು ನಮ್ಮನೆಯವರು ಬಂದರು. ಬಿಸಿಲಿನಲ್ಲಿ ಗಾಡಿ ಓಡಿಸಿಕೊಂಡು ಬಂದವರು ಚಪ್ಪಲಿ ಬಿಡುವ ಮೊದಲೇ ಕೈ ಚಾಚಿ ಫ್ಯಾನ್ ಬಟನ್ ಒತ್ತಿದರು. ನಾಲ್ಕು ಹೆಣ್ಣುಗಳು ಒಟ್ಟಿಗೆ ಕಿರುಚಿದೆವು. ಪಾಪ, ಬಟನ್ ಆರಿಸಿ ಎರಡೂ ಕೈ ಮೇಲೆತ್ತಿ ನಿಂತರು. ಆ ಗದ್ದಲಕ್ಕೆ ಪಾರಿವಾಳ ಎದ್ದು, ಸೋಫಾದ ಮೇಲಿದ್ದ ಅವರ ಇಸ್ತ್ರಿ ಅಂಗಿಯ ಮೇಲೆ ತನ್ನ ಗುರುತು ಬಿಟ್ಟು, ಬಾಲ್ಕನಿಗೆ ಹಾರಿ ಕೂಲರಿನೊಳಗೆ ಹೋಗಿ ಕೂತಿತು. ಏನೂ ಆಗಿಲ್ಲವೆಂಬಂತೆ.

ಸಂಜೆ ದೊಡ್ಡವಳು ಮೊಬೈಲಿನಲ್ಲಿ ಏನೋ ಓದುತ್ತಿದ್ದವಳು ಎದ್ದು ಬಂದಳು. ಮುಖ ಗಂಭೀರ.

“ಆಯಿ, ಪಾರಿವಾಳದಾಗ ಮುಂಜಾನಿಂದ ಸಂಜಿ ತನಕ ಅಪ್ಪನೇ ಕೂಡ್ತದಂತ. ರಾತ್ರಿ ಅಷ್ಟೇ ಅವ್ವ.”

ಅಂದರೆ ಮಧ್ಯಾಹ್ನ ಒಂದು ಗಂಟೆಗೆ ಲೋಬಾನದ ಉಪಚಾರ ಆದದ್ದು ಅಪ್ಪನಿಗೆ.

ಅತ್ತೆ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಸೆರಗು ಬಾಯಿಗೆ ಹಚ್ಚಿಕೊಂಡು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. “ಗಂಡು ಬಾಣಂತಿ! ನನ್ನ ಜಲ್ಮದಾಗ ಕಂಡಿಲ್ಲವ್ವಾ!”

ಅದಷ್ಟೇ ಅಲ್ಲ. ಮರಿ ಹೊರಬಂದ ಮೇಲೆ ಗಂಡು ಪಾರಿವಾಳವೂ ಗಂಟಲಿನ ಚೀಲದಲ್ಲಿ ಒಂದು ಬಗೆಯ ಹಾಲು ಮಾಡಿ ಕುಡಿಸುತ್ತದಂತೆ. ಇದನ್ನು ದೊಡ್ಡವಳು ಜೋರಾಗಿ ಓದಿದಳು. ನಾನು ಇನ್ನೊಂದು ಸಲ ಓದು ಅಂದೆ. ನಮ್ಮನೆಯವರು ಅಂಗಿ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಹಗಲು ಪಾಳಿ, ರಾತ್ರಿ ಪಾಳಿ ಎಂಬ ಮಾತು ಬಳಕೆಗೆ ಬಂದಿದೆ. ಮಧ್ಯಾಹ್ನ ಎರಡರ ನಂತರ ಸಣ್ಣವಳಿಗೆ ಉಣಿಸುವುದು, ಮಲಗಿಸುವುದು ಹಗಲು ಪಾಳಿಯವರ ಕೆಲಸ. ಪಾರಿವಾಳದಿಂದ ನನಗಾದ ಲಾಭ ಇದೊಂದೇ.

ಪಾರಿವಾಳದ ಮೊಟ್ಟೆ ಒಡೆಯಲು 18 ದಿನ ಬೇಕು. ಮರಿ ಹಾರಲು ಮತ್ತೆ ಒಂದು ತಿಂಗಳು. ಈ ಲೆಕ್ಕ ಕೇಳಿದಾಗ ನಮ್ಮನೆಯವರು ಕ್ಯಾಲೆಂಡರ್ ಮುಂದೆ ತುಂಬ ಹೊತ್ತು ನಿಂತಿದ್ದರು. ಮರಿಗಳು ಹೊರಬಂದವು. ಹಳದಿ ತುಪ್ಪಳ, ಮೈಗಿಂತ ದೊಡ್ಡ ಮೂಗು. ಸಣ್ಣವಳಿಗೆ ನಿರಾಸೆಯಾಯಿತು. “ಇವು ಪಾರಿವಾಳ ಅಲ್ಲ” ಅಂದಳು. “ಹುಟ್ಟಿದಾಗ ನೀನೂ ಹಂಗೇ ಇದ್ದಿ” ಅಂದಳು ಅಕ್ಕ. ಅದರ ಮೇಲೆ ನಡೆದ ಯುದ್ಧಕ್ಕೆ ಮರಿಗಳೇ ಹೆದರಿರಬೇಕು.

ಏಪ್ರಿಲ್ ಪೂರ್ತಿ ಮಾಳಿಗೆಯ ಮೇಲೆ ಮಲಗಿದೆವು. ಮಜ್ಜಿಗೆ ಕುಡಿದೆವು. ಮೇ ತಿಂಗಳಲ್ಲಿ ಕೊನೆಗೂ ಮರಿಗಳು ಹಾರಿದವು. ನಮ್ಮನೆಯವರು ಅದೇ ಸಂಜೆ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಅವನು ಹೊಸ ಹುಲ್ಲು ಹಿಡಿದುಕೊಂಡೇ ಬಂದ. ಬಾಗಿಲು ತೆಗೆದ. ಇಣುಕಿದ.

“ಸಾಬ್,” ಅಂದ, “ಮತ್ತ ಎರಡು ಅದಾವ್ರಿ.”

ಮರುದಿನ ನಾವೆಲ್ಲ ಸೂಪರ್ ಮಾರ್ಕೆಟ್ ಕಡೆ ಹೊಸ ಕೂಲರ್ ತರಲು ಹೋದೆವು. ಅಂಗಡಿಯವನು ಪ್ಲಾಸ್ಟಿಕ್ ಕೂಲರ್ ಒಂದನ್ನು ತಿರುಗಿಸಿ ತಿರುಗಿಸಿ ತೋರಿಸಿದ. ಕರೆಂಟು ಕಡಿಮೆ, ಗಾಲಿ ಅದಾವ, ಸಪ್ಪಳ ಇಲ್ಲ. ನಮ್ಮನೆಯವರ ಮುಖ ಅರಳಿತು. ಕೊನೆಗೆ ಹಿಂಬದಿ ತೋರಿಸಿ ಹೇಳಿದ: “ಮೂರೂ ಕಡಿ ಬಿಗಿ ಜಾಳಿ ಅದ ನೋಡ್ರಿ ಸರ್. ಹಕ್ಕಿಪಿಕ್ಕಿ ಏನೂ ಒಳಗ ಹೋಗಂಗಿಲ್ಲ.”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು.

“ಹಂಗಾರ ಬ್ಯಾಡ” ಅಂದಳು ಸಣ್ಣವಳು.

ನಾಲ್ಕು ಗ್ಲಾಸ್ ಕಬ್ಬಿನ ಹಾಲು ಕುಡಿದು ಮನೆಗೆ ಬಂದೆವು.