ಕೊಚ್ಚಿಯ ಬಡಗಿಗಳನ್ನೂ ನೆನೆಯಬೇಕಿತ್ತು

ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಕೈಕೆಲಸದ ಮರದ ಪೀಠೋಪಕರಣಗಳನ್ನು ವಿನ್ಯಾಸಗೊಳಿಸುವವರ ಕುರಿತು ನಾನು ಓದಿದ ಲೇಖನವೊಂದು ಅಮೆರಿಕ, ಯುರೋಪುಗಳ ಆಚೆ ನೋಡದಿರುವುದು ನನಗೆ ಬೇಸರ ತಂದಿತು. ನೆರೆಯ ಕೇರಳದಲ್ಲಿ ಇದೇ ಕೆಲಸ ಶತಮಾನಗಳ ಹಿಂದೆಯೇ ಅತ್ಯಂತ ಘನವಾಗಿ ನಡೆದಿದೆ.

ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನಿಡುವ ಕಪಾಟು ಜೆರುಸಲೇಮಿನ ದಿಕ್ಕಿಗಿರಬೇಕಾದ್ದರಿಂದ ಕೊಚ್ಚಿಯಲ್ಲಿ ಅದು ಪಶ್ಚಿಮದ ಗೋಡೆಗೆ ಬರುತ್ತದೆ. ಅಲ್ಲಿನ ಯಹೂದಿಗಳು ಸುರುಳಿಯನ್ನು ಬಟ್ಟೆಯ ಕವಚದಲ್ಲಲ್ಲ, ಉರುಟಾದ ಗಟ್ಟಿ ಕರಂಡಕದಲ್ಲಿ, ಮೇಲೆ ಕಿರೀಟವಿರಿಸಿ, ನೆಟ್ಟಗೆ ನಿಲ್ಲಿಸುತ್ತಿದ್ದರು. ಹಾಗಾಗಿ ಬಡಗಿಯು ಒಳಗಿನ ಎತ್ತರವನ್ನು ಕಿರೀಟದ ತುದಿಯವರೆಗೂ ಲೆಕ್ಕ ಹಾಕಬೇಕಿತ್ತು, ತಳದ ಹಲಗೆ ಆ ಭಾರಕ್ಕೆ ಬಾಗದಂತೆ ನೋಡಿಕೊಳ್ಳಬೇಕಿತ್ತು. ಮನುಷ್ಯಾಕೃತಿಗೆ ಅವಕಾಶವಿಲ್ಲದ ಕಾರಣ ಉಳಿಯ ಕೌಶಲವೆಲ್ಲ ಬಳ್ಳಿ, ಎಲೆ, ಹೂವುಗಳಲ್ಲಿ ಹರಿದಿದೆ.

ಕೆಳಗಿನ ಸಭಾಂಗಣದ ನಡುವೆ ತೋರಾ ಓದುವ ವೇದಿಕೆಯೊಂದಿದ್ದರೂ, ಮೇಲಿನ ಉಪ್ಪರಿಗೆಯಲ್ಲಿ, ಹೆಂಗಸರು ಕೂರುವ ಜಾಗದ ಮುಂದೆ, ಎರಡನೆಯದೊಂದನ್ನು ಕಟ್ಟಿರುವುದು ಕೊಚ್ಚಿಯ ವೈಶಿಷ್ಟ್ಯ. ಕಟಾಂಜನ ಹಿಡಿದು ನಿಂತು ಓದುವವನ ದನಿ ಅಲ್ಲಿಂದ ಇಡೀ ಸಭೆಗೆ ಇಳಿಯುತ್ತಿತ್ತು.

ಕೊಚ್ಚಿಯ ಮಟ್ಟಾಂಚೇರಿಯಲ್ಲಿದ್ದ ಕಡವುಂಭಾಗಂ ಸಿನಗಾಗ್‌ನ ಒಳಾಂಗಣವನ್ನು 1990ರ ದಶಕದಲ್ಲಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಸಾಗಿಸಿ ಮತ್ತೆ ಜೋಡಿಸಲಾಗಿದೆ. ಅದರ ಮರದ ಚಾವಣಿಯ ಕೆತ್ತನೆಯಲ್ಲಿ ಕೇರಳದ ದೇವಾಲಯಗಳ ಛಾಯೆ ಸ್ಪಷ್ಟವಾಗಿದೆ. ಅಲ್ಲಿ ಈಗಿರುವ ಕಪಾಟು ಮಾತ್ರ ಕೇರಳದ ಇನ್ನೊಂದು ಊರಾದ ಪರವೂರಿನ ಸಿನಗಾಗ್‌ನದು. ಇಂದು ಹೊಸ ಸಿನಗಾಗ್‌ಗೆ ಮರಗೆಲಸ ರೂಪಿಸುವವರು ಮೊದಲು ಈ ಚಾವಣಿಯ ಕೆಳಗೆ ಒಂದು ಗಳಿಗೆ ನಿಲ್ಲಬೇಕೆಂಬುದು ನನ್ನ ಕಳಕಳಿಯ ಕೋರಿಕೆ.