ಪ್ರಿಂಟಿನಲ್ಲಿ ಬಾರದ ಕೆಂಪು ಗುರುತು

ಸೈಟಿನಿಂದ ಬಂದು ಮೂರು ಗಂಟೆಯಾಯಿತು. ಊಟ ಮಾಡಿ ಸ್ವಲ್ಪ ಹೊತ್ತು ಮಲಗೋಣ ಅಂತ ನೋಡಿದೆ. ಆಗಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಸ್ಟ್ರಕ್ಚರಲ್ ಇಂಜಿನಿಯರ್. ಕಾಲಮ್ಮು, ಬೀಮು, ಸ್ಲ್ಯಾಬಿಗೆ ಎಷ್ಟು ಕಂಬಿ ಬೇಕು ಅಂತ ಲೆಕ್ಕ ಹಾಕಿ ಡ್ರಾಯಿಂಗ್ ಕೊಡುವುದು. ಹಾಸನದ ಹತ್ತಿರ ಒಂದು ಮನೆ ನಡೆಯುತ್ತಿದೆ. ಅರ್ಧ ಕೆಲಸ ಆದ ಮೇಲೆ ಮನೆಯವರು ಬಾಲ್ಕನಿ ಮೂರೂವರೆ ಅಡಿ ಸಾಲದು, ಐದು ಅಡಿ ಬೇಕು ಅಂದರು. ಸರಿ, ಹೊಸದಾಗಿ ಲೆಕ್ಕ ಹಾಕಿದೆ. 10 ಎಂಎಂ ಕಂಬಿ 150 ಎಂಎಂಗೆ ಒಂದರಂತೆ ಇದ್ದದ್ದನ್ನು 12 ಎಂಎಂ ಕಂಬಿ 100 ಎಂಎಂಗೆ ಒಂದು ಅಂತ ಬದಲಾಯಿಸಿದೆ. ಪಿಡಿಎಫ್‌ನಲ್ಲೇ ಆ ಜಾಗಕ್ಕೆ ಕೆಂಪು ಮೋಡ ಸುತ್ತಿದೆ, ಅಂದರೆ ಬದಲಾದ ಜಾಗ ತೋರಿಸುವ ಮೋಡದ ಆಕಾರದ ಗೆರೆ. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ. ಆರ್ಕಿಟೆಕ್ಟ್ ಆಫೀಸಿಗೆ ಕಳಿಸಿದೆ. ಅವರ ಅಳತೆಗಳೂ ಅದೇ ಹಾಳೆಯಲ್ಲಿ ಸೇರಬೇಕಿತ್ತು. ಹಾಗಾಗಿ ಸೈಟಿಗೆ ಹೋಗುವ ಕೊನೆಯ ಪ್ರತಿ ಅವರೇ ಕಳಿಸಬೇಕು. ಫ್ಲ್ಯಾಟನ್ ಮಾಡಿಯೇ, ಅಂದರೆ ಗುರುತನ್ನು ಹಾಳೆಯೊಳಗೇ ಸೇರಿಸಿಯೇ ಕಳಿಸಿ ಅಂತ ಮೇಲ್‌ನಲ್ಲಿ ಬರೆದೂ ಇದ್ದೆ.

ಇವತ್ತು ಬೆಳಿಗ್ಗೆ ಹತ್ತೂವರೆಗೆ ಸೈಟಿಗೆ ಹೋದೆ. ಮಧ್ಯಾಹ್ನ ಎರಡಕ್ಕೆ ಕಾಂಕ್ರೀಟ್ ಹಾಕುವುದಿತ್ತು. ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊರುವ ಹಲಗೆ, ಐದು ಅಡಿಗೆ ಸರಿಯಾಗಿತ್ತು. ಆ ಅಳತೆ ಫೋನಿನಲ್ಲಿ ಹೇಳಿದ್ದರಂತೆ. ಕಂಬಿ ಮಾತ್ರ ದೂರ ದೂರ ಕಂಡಿತು. ಬಗ್ಗಿ ನೋಡಿದೆ. ಕಂಬಿಯ ಮೈಮೇಲೆ ಒತ್ತಿರುತ್ತಾರಲ್ಲ ಅಂಕಿ, ಅದು 10 ಅಂತಿತ್ತು.

ಕಂಬಿ ಕಟ್ಟುವ ಅಣ್ಣ ರಾಯಚೂರು ಕಡೆಯವರು. ಇಪ್ಪತ್ತು ವರ್ಷದಿಂದ ಇದೇ ಕೆಲಸ. "ಹಾಳ್ಯಾಗ ಹತ್ತ ಅಂತ ಐತ್ರೀ ಮೇಡಂ, ಹತ್ತ ಹಾಕೀವಿ" ಅಂದರು. ಹಾಳೆ ತರಿಸಿದೆ. ಎ1 ಹಾಳೆ, ನೀಟಾಗಿ ಪ್ರಿಂಟ್ ಆಗಿದೆ. ಅವರು ಹೇಳಿದ್ದು ನಿಜ. ಕೆಂಪು ಮೋಡ ಇಲ್ಲ. ನಾನು ಬರೆದದ್ದು ಒಂದಕ್ಷರ ಇಲ್ಲ. ಹಳೆಯ 10 ಮಾತ್ರ ಇದೆ.

ಸೂಪರ್‌ವೈಸರ್ ಹುಡುಗನ ಮುಖ ಬಿಳಿಚಿಹೋಯಿತು. ಫೋನ್ ತೆಗೆದು ತೋರಿಸಿದ. ಅವನಿಗೆ ವಾಟ್ಸಾಪ್‌ನಲ್ಲಿ ಬಂದ ಫೈಲಿನಲ್ಲಿ ಕೆಂಪು ಗುರುತು ಇತ್ತು! ಅದೇ ಫೈಲನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದಾನೆ. ಅಂಗಡಿಯವರು ಪ್ರಿಂಟ್ ಕೊಟ್ಟಿದ್ದಾರೆ. ನಡುವೆ ಯಾರೂ ಏನೂ ಅಳಿಸಿಲ್ಲ. ಗುರುತು ತಾನಾಗಿ ಹೋಗಿದೆ.

ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಕೆಲಸದಲ್ಲಿರುವ ಅರ್ಧ ಜನಕ್ಕೆ ಗೊತ್ತಿಲ್ಲ. ಪಿಡಿಎಫ್ ಮೇಲೆ ನಾವು ಬರೆಯುವ ಗುರುತು ಹಾಳೆಯೊಳಗೆ ಹೋಗುವುದಿಲ್ಲ. ಫೈಲಿನಲ್ಲಿ ಹಾಳೆಯ ಚಿತ್ರ ಒಂದು ಕಡೆ, ಗುರುತುಗಳ ಪಟ್ಟಿ ಇನ್ನೊಂದು ಕಡೆ. ತೆರೆದಾಗ ಎರಡನ್ನೂ ಒಂದರ ಮೇಲೊಂದು ತೋರಿಸುತ್ತದೆ, ಅಷ್ಟೆ. ಹಣೆಗೆ ಅಂಟಿಸಿದ ಸ್ಟಿಕ್ಕರ್ ಬಿಂದಿ ಇದ್ದ ಹಾಗೆ. ಎಳೆದರೆ ಬಂತು. ಫ್ಲ್ಯಾಟನ್ ಮಾಡುವುದು ಅಂದರೆ ಅದನ್ನು ಹಚ್ಚೆ ಮಾಡುವುದು. ಗುರುತು ಹಾಳೆಯ ಚಿತ್ರದ ಒಳಗೇ ಸೇರಿಹೋಗುತ್ತದೆ. ಆಮೇಲೆ ಅದನ್ನು ಒತ್ತಿ ಹಿಡಿದು ಸರಿಸುವುದಕ್ಕೆ, ಡಿಲೀಟ್ ಮಾಡುವುದಕ್ಕೆ ಅಲ್ಲಿ ಬೇರೆ ವಸ್ತುವೇ ಇರುವುದಿಲ್ಲ.

ಅಡೋಬಿ ರೀಡರ್‌ನಲ್ಲಿ ಪ್ರಿಂಟ್ ಕೊಡುವಾಗ 'ಕಾಮೆಂಟ್ಸ್ ಅಂಡ್ ಫಾರ್ಮ್ಸ್' ಅಂತ ಒಂದು ಕಡೆ ಇದೆ, ನೋಡಿ. ಅಲ್ಲಿ 'ಡಾಕ್ಯುಮೆಂಟ್' ಅಂತಿದ್ದರೆ ಬರೀ ಹಾಳೆ ಬರುತ್ತದೆ. 'ಡಾಕ್ಯುಮೆಂಟ್ ಅಂಡ್ ಮಾರ್ಕಪ್ಸ್' ಅಂತಿದ್ದರೆ ಮಾತ್ರ ಗುರುತು ಬರುತ್ತದೆ. ಆ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲನೆಯದು ಇತ್ತು. ನಾನೇ ಹೋಗಿ ನೋಡಿ ಬಂದೆ. ಆ ಅಂಗಡಿ ಹುಡುಗನದು ಏನು ತಪ್ಪು? ಅವನು ದಿನಕ್ಕೆ ನೂರಾರು ಫೈಲ್ ಪ್ರಿಂಟ್ ಮಾಡುತ್ತಾನೆ. ಕಂಬಿ ಎಷ್ಟು ದಪ್ಪ ಇರಬೇಕು ಅಂತ ಅವನು ಯಾಕೆ ತಿಳಿದುಕೊಳ್ಳಬೇಕು?

ತಪ್ಪು ಇರುವುದು ಫೈಲ್ ಕಳಿಸಿದವರದು. ಎಷ್ಟು ಸಲ ಹೇಳಿದರೂ ಫ್ಲ್ಯಾಟನ್ ಮಾಡದೆ ಕಳಿಸುವವರದು.

ಬಾಲ್ಕನಿ ಅಂದರೆ ಒಂದೇ ಕಡೆ ಹಿಡಿತ ಇರುವ ಚಪ್ಪಡಿ. ಅದರ ಉದ್ದ ಮೂರೂವರೆಯಿಂದ ಐದು ಅಡಿ ಆದರೆ, ಅದರ ಮೈಭಾರಕ್ಕೇ ಬುಡ ತಡೆಯಬೇಕಾದ ಬಾಗುವ ಬಲ ಎರಡರಷ್ಟಾಗುತ್ತದೆ. ಉದ್ದದ ವರ್ಗದ ಲೆಕ್ಕದಲ್ಲಿ ಏರುತ್ತದೆ ಅದು. ಆ ಎಳೆತವನ್ನೆಲ್ಲ ತಡೆಯುವುದು ಮೇಲಿನ ಕಂಬಿ. ಬೇಕಾದದ್ದರ ಅರ್ಧ ಕಂಬಿಯೂ ಇಲ್ಲದೆ ಇವತ್ತು ಎರಡು ಗಂಟೆಗೆ ಕಾಂಕ್ರೀಟ್ ಬಿದ್ದುಬಿಡುತ್ತಿತ್ತು. ಆಮೇಲೆ ಯಾರಿಗೆ ಕಾಣುತ್ತದೆ? ಸೆಂಟ್ರಿಂಗ್ ಬಿಚ್ಚಿದಾಗಲೇ ಗೊತ್ತಾಗುತ್ತಿತ್ತೋ, ಹಬ್ಬದ ದಿನ ಹತ್ತು ಜನ ಅಲ್ಲಿ ನಿಂತಾಗ ಗೊತ್ತಾಗುತ್ತಿತ್ತೋ. ಆ ಮನೆಯಲ್ಲಿ ಎರಡು ವರ್ಷದ ಮಗು ಇದೆ. ಬರೆಯುವಾಗಲೂ ಕೈ ನಡುಗುತ್ತಿದೆ.

ಆರ್ಕಿಟೆಕ್ಟ್ ಆಫೀಸಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಬಂದ ಉತ್ತರ ಕೇಳಿ. "ಮೇಡಂ, ಫ್ಲ್ಯಾಟನ್ ಮಾಡಿದರೆ ಮತ್ತೆ ತಿದ್ದಕ್ಕೆ ಆಗಲ್ಲ. ನಾಳೆ ಇನ್ನೊಂದು ಬದಲಾವಣೆ ಬಂದರೆ?"

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ತಿದ್ದುವ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಯಾರು ಬೇಡ ಅಂದರು? ಒಂದು ನಕಲು ಮಾಡಿ ಅದನ್ನು ಫ್ಲ್ಯಾಟನ್ ಮಾಡಿ ಕಳಿಸಿ. ಎಷ್ಟನೇ ತಿದ್ದುಪಡಿ ಅಂತ ತಿಳಿಯಲು ಹೆಸರಿನ ಕೊನೆಗೆ ಆರ್2, ಆರ್3 ಅಂತ ಸೇರಿಸಿ. ಒಂದು ನಿಮಿಷದ ಕೆಲಸ. ಚರ್ಚೆ ನಡೆಯುವಾಗ ಗುರುತು ಬಿಡಿಯಾಗಿ ಇರಲಿ, ಅದಕ್ಕೆ ಉತ್ತರ ಬರೆಯಲಿ, ಬದಲಾಯಿಸಲಿ. ಸೈಟಿಗೆ ಹೋಗುವ ಹಾಳೆಯಲ್ಲಿ ಚರ್ಚೆ ಇರುವುದಿಲ್ಲ. ಅಲ್ಲಿ ಇರುವುದು ಆದೇಶ.

ಇನ್ನೊಬ್ಬರು ಹೇಳುತ್ತಾರೆ, ಫ್ಲ್ಯಾಟನ್ ಮಾಡಿದರೂ ತಿದ್ದಬೇಕು ಅನ್ನುವವರು ತಿದ್ದುತ್ತಾರೆ ಅಂತ. ನಿಜ. ಒಳ್ಳೆಯ ಎಡಿಟರ್ ಇದ್ದರೆ ಹಾಳೆಯ ಗೆರೆಯನ್ನೂ ಅಳಿಸಬಹುದು. ಆದರೆ ಅದು ಬೇಕೆಂದೇ ಕೂತು ಮಾಡುವ ಕೆಲಸ. ಇವತ್ತು ಆದದ್ದು ಯಾರಿಗೂ ಗೊತ್ತಿಲ್ಲದೆ ಆದದ್ದು. ನೂರಕ್ಕೆ ನೂರು ಭದ್ರ ಇಲ್ಲ ಅಂತ ಬಾಗಿಲು ತೆರೆದಿಟ್ಟು ಮಲಗುತ್ತೀರಾ?

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಸಹಿಯನ್ನು ಸ್ಕ್ಯಾನ್ ಮಾಡಿ, ಸ್ಟ್ಯಾಂಪ್ ಥರ ಪಿಡಿಎಫ್ ಮೇಲೆ ಹಾಕಿ ಕಳಿಸುತ್ತಿದ್ದೆ. ಫ್ಲ್ಯಾಟನ್ ಮಾಡುತ್ತಿರಲಿಲ್ಲ. ಸ್ಟ್ಯಾಂಪ್ ಕೂಡ ಒಂದು ಬಿಡಿ ಗುರುತೇ. ಒತ್ತಿ ಕಾಪಿ ಮಾಡಿ ಇನ್ನೊಂದು ಫೈಲಿಗೆ ಅಂಟಿಸಬಹುದು. ಒಬ್ಬರು ಹಾಗೇ ಮಾಡಿದರು. ನಾನು ನೋಡೇ ಇಲ್ಲದ ಒಂದು ಡ್ರಾಯಿಂಗಿನ ಮೇಲೆ ನನ್ನ ಸಹಿ! ಅಕಸ್ಮಾತ್ತಾಗಿ ಕಣ್ಣಿಗೆ ಬಿತ್ತು. ಆ ಡ್ರಾಯಿಂಗ್ ವಾಪಸ್ ತೆಗೆಸುವುದಕ್ಕೆ ಎರಡು ತಿಂಗಳು ಓಡಾಡಿದೆ. ರಾತ್ರಿ ನಿದ್ದೆ ಇರಲಿಲ್ಲ. ಆ ಮೇಲೆ ಒಂದು ಫೈಲೂ ಹಾಗೆ ಹೊರಗೆ ಹೋಗಿಲ್ಲ. ಈಗ ನಾನು ಇಷ್ಟು ಹಟ ಮಾಡುವುದು ಯಾಕೆ ಅಂತ ಗೊತ್ತಾಯಿತಲ್ವಾ?

ನಾನು ಕೆಲಸ ಕಲಿತ ಆಫೀಸಿನಲ್ಲಿ ಹಳೆಯ ಅಮೋನಿಯಾ ಪ್ರಿಂಟುಗಳ, ಅಂದರೆ ಹಿಂದಿನ ಕಾಲದ ಡ್ರಾಯಿಂಗ್ ನಕಲುಗಳ ಕಟ್ಟು ಇತ್ತು. ನಮ್ಮ ಸರ್ ಅದರ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿ, ಪಕ್ಕದಲ್ಲಿ ಸಹಿ, ತಾರೀಕು ಹಾಕಿದ್ದರು. ಶಾಯಿ ಕಾಗದಕ್ಕೆ ಇಳಿದಿತ್ತು. ಯಾರೇ ನೋಡಿದರೂ ತಿದ್ದಿದ್ದು ಕಾಣುತ್ತಿತ್ತು. 1993ರಲ್ಲಿ ಅಡೋಬಿಯವರು ಪಿಡಿಎಫ್ ತಂದದ್ದೂ ಎಲ್ಲಿ ತೆರೆದರೂ ಹಾಳೆ ಒಂದೇ ಥರ ಕಾಣಲಿ ಅಂತಲೇ. ಜನ ಅದನ್ನು ಕಾಗದದಂತೆ ನಂಬುತ್ತಾರೆ. ಆ ನಂಬಿಕೆಯಿಂದಲೇ ಇವತ್ತು ಆ ಅಣ್ಣ ಹತ್ತು ಎಂಎಂ ಕಟ್ಟಿದರು.

ಈಗ ಮಾಡುವ ಬಗೆ. ಬ್ಲೂಬೀಮ್ ಅನ್ನುವ ಪಿಡಿಎಫ್ ಸಾಫ್ಟ್‌ವೇರ್ ಇದ್ದವರಿಗೆ ಡಾಕ್ಯುಮೆಂಟ್ ಮೆನುವಿನಲ್ಲೇ ಫ್ಲ್ಯಾಟನ್ ಇದೆ. ಅದರಲ್ಲಿ 'ಅಲೋ ಮಾರ್ಕಪ್ ರಿಕವರಿ' ಅಂತ ಒಂದು ಟಿಕ್ ಇರುತ್ತದೆ. ಅದನ್ನು ತೆಗೆಯಿರಿ, ಇಲ್ಲದಿದ್ದರೆ ಗುರುತನ್ನು ಮತ್ತೆ ಬಿಡಿಸಬಹುದು. ಅಕ್ರೋಬ್ಯಾಟ್ ಪ್ರೊ ಇದ್ದವರಿಗೆ ಪ್ರೀಫ್ಲೈಟ್ ಅನ್ನುವ ಸಾಧನದ ಒಳಗೆ ಇದೆ. ಏನೂ ಇಲ್ಲದವರು ವಿಂಡೋಸ್‌ನ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್'ಗೆ ಪ್ರಿಂಟ್ ಕೊಡಿ, ಮಾರ್ಕಪ್ಸ್ ಸೇರಿಸಿ. ಆದರೆ ಕಾಗದದ ಅಳತೆ ನೋಡಿಕೊಳ್ಳಿ. ಎ1 ಡ್ರಾಯಿಂಗ್ ಸುಮ್ನೆ ಎ4ಗೆ ಕುಗ್ಗಿಬಿಟ್ಟರೆ ಸ್ಕೇಲ್ ಹಾಳು. ಡಿಜಿಟಲ್ ಸಹಿ ಹಾಕುವುದಿದ್ದರೆ ಮೊದಲು ಫ್ಲ್ಯಾಟನ್, ಆಮೇಲೆ ಸಹಿ. ತಿರುಗಾಮುರುಗಾ ಮಾಡಿದರೆ ಸಹಿ ಕೆಡುತ್ತದೆ.

ಹೋದ ವಾರ ಒಬ್ಬ ಗೆಳತಿ ಕೇಳಿದ್ದಳು, ಆಧಾರ್ ನಂಬರಿನ ಮೇಲೆ ಕಪ್ಪು ಪಟ್ಟಿ ಎಳೆದು ಫ್ಲ್ಯಾಟನ್ ಮಾಡಿದರೆ ಸಾಕಾ ಅಂತ. ಸಾಲದು ಕಣೇ. ಪಟ್ಟಿ ಗಟ್ಟಿಯಾಗಿ ಕೂರುತ್ತದೆ, ಅದರ ಕೆಳಗಿನ ಅಕ್ಷರ ಫೈಲಿನಲ್ಲೇ ಇರುತ್ತದೆ. 2019ರ ಜನವರಿಯಲ್ಲಿ ಅಮೆರಿಕದಲ್ಲಿ ಟ್ರಂಪ್ ಅವರ ಚುನಾವಣಾ ಪ್ರಚಾರ ನಡೆಸಿದ್ದ ಪಾಲ್ ಮ್ಯಾನಫೋರ್ಟ್ ವಕೀಲರು ಕೋರ್ಟಿಗೆ ಕೊಟ್ಟ ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿಯ ಕೆಳಗಿನ ಮಾತನ್ನು ಪತ್ರಕರ್ತರು ಕಾಪಿ ಮಾಡಿ ಓದಿಬಿಟ್ಟರು. ಮುಚ್ಚುವುದಕ್ಕೆ ರಿಡ್ಯಾಕ್ಷನ್ ಅಂತ ಬೇರೆಯೇ ಸಾಧನ ಇದೆ. ಅದನ್ನೇ ಬಳಸು.

ಕಾಂಕ್ರೀಟ್ ಇವತ್ತು ನಿಲ್ಲಿಸಿದೆ. ಮೇಸ್ತ್ರಿಗೆ ಒಂದು ದಿನದ ಕೂಲಿ ನಷ್ಟ, ಮನೆಯವರಿಗೆ ಬೇಜಾರು. ಕಂಬಿ ಬಿಚ್ಚುವಾಗ ಆ ಅಣ್ಣ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ನೋವಾಯಿತು. ಅವರು ಹಾಳೆಯಲ್ಲಿ ಇದ್ದಂತೆಯೇ ಕಟ್ಟಿದ್ದರು.

ಬರುವಾಗ ಜೆರಾಕ್ಸ್ ಅಂಗಡಿಯಲ್ಲಿ ಕೂತು ಫೈಲ್ ಫ್ಲ್ಯಾಟನ್ ಮಾಡಿ ಎರಡು ಪ್ರಿಂಟ್ ತೆಗೆಸಿದೆ. ಒಂದನ್ನು ಸೂಪರ್‌ವೈಸರ್ ಕೈಗೆ ಕೊಟ್ಟೆ. ಇನ್ನೊಂದು ಇಲ್ಲಿ ನನ್ನ ಟೇಬಲ್ ಮೇಲಿದೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಇದನ್ನು ಹಿಡಿದುಕೊಂಡು ಹೋಗಿ, ಕಂಬಿ ಒಂದೊಂದೇ ಎಣಿಸಿ, ಆಮೇಲೆ ಕಾಂಕ್ರೀಟ್ ಹಾಕಿಸುತ್ತೇನೆ.